ಸೊತ್ತೊನೆವೆ ಮನೆಯ ಊಟ

ಲೊರೆದಾನಾ ಒಲೆಯ ಬಾಯಿಗೆ ಇನ್ನೊಂದು ಸೌದೆ ತುರುಕಿ ಊದುತ್ತಿದ್ದಳು. ಹಿಂದಿನಿಂದ ಯಾರೋ ಕಿರುಚಿದರು.

"ಅಯ್ಯೋ, ನಿನ್ ಕೈ ಸೇದೋಗ! ಒಲೆ ಹಚ್ಚಿಬಿಟ್ಯಾ?"

ಪಕ್ಕದ ಮನೆಯ ಜಿನೆತ್ತಾ. ಕೈಯಲ್ಲಿ ಕಾಫಿಯ ಫ್ಲಾಸ್ಕು, ಕಂಕುಳಲ್ಲಿ ಎರಡು ಮಡಚುವ ಕುರ್ಚಿ. ಕುರ್ಚಿಗಳನ್ನು ಅಲ್ಲೇ ಕೆಡವಿ ಒಲೆಯ ಬಳಿಗೆ ಓಡಿಬಂದಳು.

"ಚಳಿ ಜಿನೆತ್ತಕ್ಕಾ. ಸಬಾತೀನೊ ಮಾಮ ನಡುಗ್ತಾ ಕೂತಿದ್ರು. ಬರೋರಿಗೂ ಸ್ವಲ್ಪ ಬೆಚ್ಚಗಿರ್ಲಿ ಅಂತ..."

"ಹೆಣ ಒಳಗಿಟ್ಕೊಂಡು ಬೆಚ್ಚಗೆ! ಸಾವಿನ ಮನೇಲಿ ಹೊಗೆ ಏಳಬಾರ್ದು ಕಣೇ. ಸತ್ತೋರ ಕಡೆಯೋರು ಮೂರು ದಿನ ಬೆಂಕಿ ಮುಟ್ಟಲ್ಲ. ನಿಮ್ ಪೆಸ್ಕಾರ ಪಟ್ಣದಲ್ಲಿ ಇದೆಲ್ಲ ಇಲ್ವಾ?"

"ಅಲ್ಲಿ ಆಸ್ಪತ್ರೆಯಿಂದ ನೇರ ಚರ್ಚಿಗೆ ತಗೊಂಡ್ಹೋಗ್ತಾರೆ."

ಮೂಲೆಯ ಕುರ್ಚಿಯಲ್ಲಿ ಕಂಬಳಿ ಹೊದ್ದಿದ್ದ ಸಬಾತೀನೊ ಕೆಮ್ಮಿದ. "ಬಿಡೇ ಜಿನೆತ್ತಾ. ನನ್ ಕಾಲಿಗೆ ಈಗ ಜೀವ ಬಂತು. ಅವನಿಗಂತೂ ಸೆಕೆ ಆಗಲ್ಲ."

ಅವನೆಂದರೆ ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ ಕ್ವಿರೀನೊ ಸೊತ್ತೊನೆವೆ. ಕಣಿವೆಯಿಂದ ನಮ್ಮೂರು ರೊಕ್ಕಾಸ್ಪ್ರಾಕ್ಕೆ ಹತ್ತುವ ರಸ್ತೆಯನ್ನು ಅವನೂ ಸಬಾತೀನೊನೂ ಸೇರಿ ಕಾಯ್ದಿದ್ದರು. ಚರಂಡಿ ಬಿಡಿಸುವುದು, ಗುಂಡಿ ಮುಚ್ಚುವುದು, ಚಳಿಗಾಲದಲ್ಲಿ ಉಪ್ಪು ಎರಚುವುದು. ಈ ಕೆಲಸ ಮಾಡಿದವನನ್ನು ಯಾರೂ ಹೊಗಳುವುದಿಲ್ಲ, ಬಸ್ಸು ಜಾರಿದ ದಿನ ಮಾತ್ರ ಎಲ್ಲರೂ ನೆನೆಯುತ್ತಾರೆ.

ಜಿನೆತ್ತಾ ಉರಿಯುವ ಕೊಳ್ಳಿಗಳನ್ನು ಎಳೆದು ಬೂದಿಯಲ್ಲಿ ಹೊಸಕಿದಳು. ಲೊರೆದಾನಾ ಒಂದು ಚೊಂಬು ನೀರು ಸುರಿದಳು. ಆದರೆ ಹೊಗೆ ಆಗಲೇ ಚಿಮಣಿ ದಾಟಿಯಾಗಿತ್ತು. ಗಾಳಿಯಿಲ್ಲದ ಫೆಬ್ರವರಿಯ ಬೆಳಗು, ಅದು ನೆಟ್ಟಗೆ ಮೇಲೆದ್ದು ನಿಂತಿತು. ಬೀದಿಯ ತುದಿಯಲ್ಲಿ ಕ್ವಿರೀನೊನ ತಂಗಿ ಅಸ್ಸುಂತಾಳ ಮನೆ. ಅವಳ ಅಡುಗೆಮನೆಯ ಕಿಟಕಿಗೆ ಈ ಚಿಮಣಿಯ ಹೊರತು ಬೇರೇನೂ ಕಾಣುವುದಿಲ್ಲ.

"ಇವತ್ತೇ ಆಗ್ಬೇಕಿತ್ತಾ," ಎಂದು ಜಿನೆತ್ತಾ ಕೈ ಒರೆಸಿಕೊಂಡಳು. "ಇವತ್ತೇ ನೀನು ಅವಳ ಕೈಗೆ ಕೋಲು ಕೊಡ್ಬೇಕಿತ್ತಾ."

ಅವಳ ಸಂಕಟ ಸುಳ್ಳಲ್ಲ. ನಮ್ಮಲ್ಲಿ ಸಾವಾದ ಮನೆಯವರಿಗೆ ನೆರೆಯವರು ಊಟ ತರುತ್ತಾರೆ. ಸಮಾಧಾನದ ಊಟ ಎನ್ನುತ್ತೇವೆ. ಮಣ್ಣು ಮುಗಿಸಿ ಬಂದ ಮೇಲೆ ಸಾರು, ಮಾಂಸದ ಉಂಡೆ, ರೊಟ್ಟಿ, ವೈನು ಎಲ್ಲವೂ ಪಾತ್ರೆ ಸಮೇತ ಬರುತ್ತವೆ. ಯಾರ ಮನೆಗೆ ಬರುತ್ತದೆಯೋ ಅವರೇ ಸತ್ತವನ ಸ್ವಂತದವರು. ಚರ್ಚು, ಪುರಸಭೆ ಏನೇ ಹೇಳಲಿ, ಊರು ಕೊನೆಗೆ ತೀರ್ಮಾನ ಹೇಳುವುದು ಸಾರಿನ ಪಾತ್ರೆಯ ಮೂಲಕ. ಈ ಸಲ ಪಾತ್ರೆ ಎಲ್ಲಿಗೆ ಹೋಗಬೇಕೆಂದು ನಿನ್ನೆಯಿಂದ ಹೆಂಗಸರೆಲ್ಲ ಪಿಸುಗುಟ್ಟುತ್ತಿದ್ದರು. ಗೋಡೆಗಳಿಗೆ ಅಂಟಿಸಿದ್ದ ಸಾವಿನ ಭಿತ್ತಿಪತ್ರವನ್ನು ಅಸ್ಸುಂತಾಳೇ ಅಚ್ಚು ಹಾಕಿಸಿದ್ದಳು. ಕ್ವಿರೀನೊ ಸೊತ್ತೊನೆವೆ, ಎಂಬತ್ತನಾಲ್ಕು ವರ್ಷ. ದುಃಖತಪ್ತರು: ತಂಗಿ ಅಸ್ಸುಂತಾ ಮತ್ತು ಬಂಧುಗಳು. ಮಗಳು ಎಂಬ ಪದ ಅದರಲ್ಲಿರಲಿಲ್ಲ. ಲೊರೆದಾನಾ ಬಸ್ಸಿಳಿದಾಗ ಮೊದಲು ಕಂಡದ್ದೇ ಅದು. ಓದಿ, ಚೀಲ ಇನ್ನೊಂದು ಕೈಗೆ ಬದಲಿಸಿಕೊಂಡು ಮೇಲೆ ಹತ್ತಿದ್ದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಅಸ್ಸುಂತಾ ತಲೆಯಿಂದ ಕಾಲಿನವರೆಗೆ ಕಪ್ಪು ಉಟ್ಟು ನಿಂತಿದ್ದಳು. ಒಲೆಯ ಕಡೆ ನೋಡಿದಳು, ನೆಲದ ಮೇಲಿನ ಕಪ್ಪು ನೀರನ್ನು ನೋಡಿದಳು. ಲೊರೆದಾನಾಳ ಮುಖ ನೋಡಲಿಲ್ಲ.

"ಒಳ್ಳೇದಾಯ್ತು," ಎಂದಳು. "ಅವಳೇ ತೋರಿಸಿಕೊಟ್ಲು. ಮಗಳಾಗಿದ್ರೆ ಕೈ ಬರ್ತಿರ್ಲಿಲ್ಲ."

"ಅಸ್ಸುಂತಮ್ಮಾ, ಗೊತ್ತಿಲ್ದೆ..." ಎಂದು ಜಿನೆತ್ತಾ ಶುರುಮಾಡಿದಳು.

"ಗೊತ್ತಿಲ್ಲದೋರು ಹೊರಗಿನೋರು. ನಾನೂ ಅದನ್ನೇ ಹೇಳ್ತಿರೋದು. ಊಟ ನಮ್ಮನೆಗೆ ಬರ್ಲಿ."

ಲೊರೆದಾನಾ ಅರುವತ್ತು ದಾಟಿದ ಹೆಂಗಸು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಬೆನ್ನು ಬಾಗಿದವಳು. ಜಗಳವಾಡುವ ತ್ರಾಣ ಅವಳಲ್ಲಿ ಇರಲಿಲ್ಲ. ಒದ್ದೆ ಬಟ್ಟೆ ತಂದು ನೆಲ ಒರೆಸತೊಡಗಿದಳು.

*

ಈ ಜಗಳಕ್ಕೂ ಅವಳಷ್ಟೇ ವಯಸ್ಸು.

ಎರ್ಸೀಲಿಯಾ ಎಂಬ ಹುಡುಗಿ ರೋಮಿನಲ್ಲಿ ಯಾರದೋ ಮನೆಗೆಲಸಕ್ಕಿದ್ದಳು. ಒಂದು ದಿನ ಕೂಸನ್ನೆತ್ತಿಕೊಂಡು ಊರಿಗೆ ಬಂದಳು. ಪುರಸಭೆಯ ಗುಮಾಸ್ತ ಕೂಸಿನ ತಂದೆಯ ಹೆಸರು ಕೇಳಿದ. ಅವಳು ಹೇಳಲಿಲ್ಲ. ಅವನು ಮತ್ತೆ ಕೇಳಿದ. ಅವನಿಗೆ ಅದರಲ್ಲೊಂದು ಮಜವಿತ್ತೆಂದು ಕಾಣುತ್ತದೆ, ಕೋಣೆಯಲ್ಲಿ ಬೇರೆ ಜನ ಇದ್ದರು. ರಸ್ತೆಗೆ ಉಪ್ಪು ಬೇಕೆಂದು ಕೇಳಲು ಬಂದು ಸರದಿಗಾಗಿ ಕಾಯುತ್ತಿದ್ದ ಕ್ವಿರೀನೊ ಟೋಪಿ ತೆಗೆದು ಎದ್ದುನಿಂತ.

"ನನ್ ಹೆಸರು ಬರ್ಕೊಳ್ಳಿ," ಎಂದ. "ಬೇಗ ಮುಗಿಸಿ. ಕೂಸು ಚಳೀಲಿದೆ."

ಎರ್ಸೀಲಿಯಾಳಿಗೂ ಅವನಿಗೂ ಅಲ್ಲಿಯವರೆಗೆ ಎದುರಾದರೆ ನಮಸ್ಕಾರ ಎನ್ನುವಷ್ಟೇ ಪರಿಚಯ. ಆಮೇಲೂ ಅದು ಹೆಚ್ಚು ಬೆಳೆಯಲಿಲ್ಲ. ಅವಳು ಸ್ವಿಟ್ಜರ್ಲೆಂಡಿನ ಕಾರ್ಖಾನೆಗೆ ಹೋದಳು, ಕೂಸು ಅಜ್ಜಿಯ ಹತ್ತಿರ ಉಳಿಯಿತು. ಕ್ವಿರೀನೊ ಪ್ರತಿ ಭಾನುವಾರ ಹೋಗಿ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ರಸ್ತೆ ತೋರಿಸಿಕೊಂಡು ಬರುತ್ತಿದ್ದ. ಕೂಸು ಅವನನ್ನು ಪಪ್ಪಾ ಎಂದು ಕರೆಯಿತು. ಅವನು ಓಗೊಟ್ಟ.

ಆ ವರ್ಷ ಅಸ್ಸುಂತಾಳಿಗೆ ಪಕ್ಕದೂರಿನ ಗಿರಣಿಯವರ ಮಗನ ಜೊತೆ ಮಾತುಕತೆಯಾಗಿತ್ತು. ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಿರಣಿಯವರು ಹಿಂದೆ ಸರಿದರು. ಹುಡುಗಿಯ ಅಣ್ಣ ಒಂದೋ ಹೆಣ್ಣನ್ನು ಕೆಡಿಸಿ ಕೈಬಿಟ್ಟವನು, ಇಲ್ಲವೋ ಕಂಡವರ ಕೂಸಿಗೆ ಅಪ್ಪನಾದ ಪೆದ್ದ, ಎರಡೂ ನಮಗೆ ಬೇಡ ಎಂದು ಹೇಳಿಕಳಿಸಿದರು.

"ನಮ್ ಹೆಸರನ್ನ ಬೀದೀಲಿ ಹಂಚಿಬಿಟ್ಟೆ!" ಎಂದು ಅಸ್ಸುಂತಾ ತಟ್ಟೆ ಒಡೆದಳು.

"ಹಂಚಿದ್ರೆ ಸವೆದುಹೋಗುತ್ತೇನೇ?" ಎಂದ ಅವನು. ತಂಗಿಯ ಮದುವೆ ಮುರಿದಿದೆಯೆಂದು ಅವನಿಗೆ ಆಗಿನ್ನೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವನು ಆ ಮಾತನ್ನು ಇನ್ನೊಮ್ಮೆ ಆಡಲಿಲ್ಲ.

ಅಸ್ಸುಂತಾ ಕೊನೆಗೆ ಬೆಲ್ಜಿಯಂ ಗಣಿಯಿಂದ ರಜಕ್ಕೆ ಬಂದಿದ್ದವನೊಬ್ಬನನ್ನು ಮದುವೆಯಾದಳು. ಅವನು ಕೆಮ್ಮನ್ನೊಂದು ಬಿಟ್ಟು ಬೇರೇನೂ ತರಲಿಲ್ಲ. ಮಕ್ಕಳಾಗಲಿಲ್ಲ, ಆ ಕೆಮ್ಮೇ ಅವನನ್ನು ಒಯ್ದಿತು. ನಮ್ಮಲ್ಲಿ ಹೆಣ್ಣು ಮದುವೆಯಾದರೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಹಾಗಾಗಿ ಅವಳಿಗೆ ಉಳಿದದ್ದು ಸೊತ್ತೊನೆವೆ ಎಂಬ ಹೆಸರೊಂದೇ, ಅದನ್ನು ಅವಳು ಹಲ್ಲು ಕಚ್ಚಿ ಹಿಡಿದುಕೊಂಡಳು. ಲೊರೆದಾನಾ ಹನ್ನೊಂದು ವರ್ಷದವಳಿದ್ದಾಗ ಚೌಕದಲ್ಲಿ ಅತ್ತೆ ಎಂದು ಕರೆದಳಂತೆ. ಎಲ್ಲರೆದುರು ಅಸ್ಸುಂತಾ ತಿರುಗಿ, ನಾನು ನಿನಗೆ ಏನೂ ಅಲ್ಲ ಎಂದಳು. ಮಗು ಆಮೇಲೆ ಅವಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

*

ಚರ್ಚಿಗೆ ಹೋಗುವ ದಾರಿ ಬರಿಯ ಏರು. ಹಿಂದೆಲ್ಲ ನೆರೆಯ ಗಂಡಸರೇ ಹೊರುತ್ತಿದ್ದರು. ಈಗ ಹೊರುವ ವಯಸ್ಸಿನವರು ಊರಲ್ಲಿ ಇಲ್ಲ, ಇಸೆರ್ನಿಯಾ ಪಟ್ಟಣದಿಂದ ಬಾಡಿಗೆಗೆ ಬಂದ ನಾಲ್ವರು ಕಪ್ಪು ಕೋಟಿನವರು ಹೊತ್ತರು. ಅಸ್ಸುಂತಾ ಪೆಟ್ಟಿಗೆಯ ಹಿಂದೆಯೇ ನಡೆದಳು. ಅವಳ ಹಿಂದೆ ಜನ. ಎಲ್ಲರಿಗಿಂತ ಹಿಂದೆ, ಸಬಾತೀನೊನ ತೋಳು ಹಿಡಿದು ಲೊರೆದಾನಾ.

"ಮುಂದೆ ಹೋಗಮ್ಮಾ," ಎಂದ ಸಬಾತೀನೊ.

"ನಿಮ್ಮನ್ನ ಯಾರು ಹಿಡ್ಕೊಳ್ತಾರೆ ಮಾಮ?"

"ನಾನು ಬಿದ್ರೆ ಇದೇ ನಾಲ್ವರು ನನ್ನನ್ನೂ ಹೊರ್ತಾರೆ. ಖರ್ಚು ಒಂದೇ ಆಗುತ್ತೆ."

ಅವಳು ನಕ್ಕಳು, ನಗುತ್ತಲೇ ಅತ್ತಳು. ಆದರೂ ಮುಂದೆ ಹೋಗಲಿಲ್ಲ.

ಪಾದ್ರಿ ದೋನ್ ಎಲ್ವಿಯೊ ಐದು ಊರುಗಳಿಗೆ ಒಬ್ಬನೇ. ಮಧ್ಯಾಹ್ನದೊಳಗೆ ಇನ್ನೊಂದು ಊರಲ್ಲಿ ನಾಮಕರಣವಿತ್ತು. ಕ್ವಿರೀನೊ ಒಳ್ಳೆಯವನಾಗಿದ್ದ, ರಸ್ತೆಯನ್ನು ಶುಚಿಯಾಗಿಟ್ಟಿದ್ದ, ಈಗ ಇನ್ನೊಂದು ರಸ್ತೆ ಹಿಡಿದಿದ್ದಾನೆ ಎಂದ. ಇದೇ ಮಾತನ್ನು ಬಸ್ಸಿನ ಡ್ರೈವರ್ ಸತ್ತಾಗಲೂ ಹೇಳಿದ್ದ. ಯಾರಿಗೂ ಬೇಸರವಾಗಲಿಲ್ಲ, ಎಲ್ಲರಿಗೂ ಕಾಲು ನೋಯುತ್ತಿತ್ತು. ಅಸ್ಸುಂತಾ ಮೊದಲ ಬೆಂಚಿನಲ್ಲಿ ಒಬ್ಬಳೇ ಕುಳಿತಿದ್ದಳು. ಆ ಬೆಂಚು ಸ್ವಂತದವರದ್ದು. ಹಿಂದಿನಿಂದ ನೋಡಿದರೆ ಅಷ್ಟುದ್ದದ ಬೆಂಚಿಗೆ ಒಂದೇ ಒಂದು ಕಪ್ಪು ತಲೆವಸ್ತ್ರ.

*

ಸೊತ್ತೊನೆವೆ ಹೆಸರಿನವರು ಒಂದು ಕಾಲಕ್ಕೆ ನಮ್ಮೂರಲ್ಲಿ ಏಳು ಮನೆ ಇದ್ದರು. ಕೆಲವರು ಪೆನ್ಸಿಲ್ವೇನಿಯಾದ ಕಲ್ಲಿದ್ದಲಿಗೆ ಹೋದರು, ಹೆಚ್ಚಿನವರು ಅರ್ಜೆಂಟೀನಾದ ರೊಸಾರಿಯೊಗೆ. ಇಟಲಿ ಪೂರ್ತಿ ಹುಡುಕಿದರೂ ಈಗ ಸೊತ್ತೊನೆವೆಗಳು ಒಂದು ಮೇಜಿಗೆ ಸಾಲದಷ್ಟು ಜನ. ರೊಸಾರಿಯೊದಲ್ಲಿ ಮಾತ್ರ ಅವರದೇ ಒಂದು ಸಂಘವಿದೆ, ವರ್ಷಕ್ಕೊಮ್ಮೆ ಕರು ಸುಟ್ಟು ಊಟ ಮಾಡುತ್ತಾರೆ. ಅಲ್ಲಿಂದ ಮಬೆಲ್ ಎಂಬ ಹೆಂಗಸು ಒಂದು ಆಗಸ್ಟಿನಲ್ಲಿ ಬಂದಿದ್ದಳು. ಎಲ್ಲರಿಗೂ ಒಂದೊಂದು ಬನಿಯನ್ನು ತಂದಿದ್ದಳು, ಎದೆಯ ಮೇಲೆ ಸಿಂಹ, ಕಿರೀಟ ಮತ್ತು ಹಿಮದ ಬೆಟ್ಟ. ಇಂಟರ್ನೆಟ್ಟಿನಲ್ಲಿ ಯಾರೋ ಮಾರಿದ ವಂಶಲಾಂಛನ.

"ನಮ್ ಮೂಲಪುರುಷ ಯಾವ ಕೋಟೆಯ ದೊರೆ?" ಎಂದು ಅರ್ಧ ಸ್ಪ್ಯಾನಿಷಿನಲ್ಲಿ ಕೇಳಿದಳು.

"ಕೋಟೆ ಅಲ್ಲಮ್ಮಾ, ಬುಟ್ಟಿ," ಎಂದ ಕ್ವಿರೀನೊ.

ನಮ್ಮೂರಿಗೆಲ್ಲ ಗೊತ್ತಿದ್ದ ಕತೆಯನ್ನೇ ಅವನು ಹೇಳಿದ. ಇನ್ನೂರು ವರ್ಷದ ಹಿಂದೆ ಗಂಟೆ ಬಾರಿಸಲು ಬಂದವನು ಚರ್ಚಿನ ಮೆಟ್ಟಿಲ ಮೇಲೆ ಹಿಮ ತುಂಬಿದ ಬುಟ್ಟಿಯನ್ನು ಕಾಲಿಂದ ಸರಿಸಿದ, ಬುಟ್ಟಿ ಅತ್ತಿತು. ತಂದೆತಾಯಿ ಗೊತ್ತಿಲ್ಲದ ಕೂಸುಗಳಿಗೆಲ್ಲ ಒಂದೇ ಹೆಸರಿಟ್ಟು ಬೇಸತ್ತಿದ್ದ ಗುಮಾಸ್ತ ಈ ಸಲ ಸೊತ್ತೊನೆವೆ ಎಂದು ಬರೆದ. ಹಿಮದಡಿಯವನು. ಎಲ್ಲ ಸೊತ್ತೊನೆವೆಗಳೂ ಅವನ ಸಂತಾನ.

ಮಬೆಲ್ ತನ್ನ ಎದೆಯ ಮೇಲಿನ ಸಿಂಹವನ್ನು ನೋಡಿಕೊಂಡಳು. ಅಸ್ಸುಂತಾಳಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. "ಅದೆಲ್ಲ ಕುಡುಕರು ಕಟ್ಟಿದ್ದು. ನಮ್ ತಾತ ಹೇಳ್ತಿದ್ರು, ನಮ್ಮೋರು ಬೆಟ್ಟದ ದೊಡ್ಡ ಜಮೀನುದಾರರು ಅಂತ," ಎಂದಳು.

"ದೊಡ್ಡ ಜಮೀನುದಾರರು, ಸರಿ," ಎಂದ ಕ್ವಿರೀನೊ. "ಹಿಮ ಕರಗೋತನಕ."

ತಟ್ಟೆ ಒರೆಸುತ್ತಿದ್ದ ಲೊರೆದಾನಾಳನ್ನು ತೋರಿಸಿ ಇವರು ಯಾರು ಎಂದು ಮಬೆಲ್ ಕೇಳಿದಳು. "ಕೈಸಹಾಯಕ್ಕೆ ಬಂದೋಳು," ಎಂದಳು ಅಸ್ಸುಂತಾ. "ನನ್ ಮಗಳು," ಎಂದ ಕ್ವಿರೀನೊ ಅದೇ ಉಸಿರಿನಲ್ಲಿ. ಮಬೆಲ್‌ಗೆ ಎರಡನೆಯದು ಮಾತ್ರ ಕೇಳಿಸಿತು. ಅವಳು ಲೊರೆದಾನಾಳನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತಿಟ್ಟಳು, ಫೋಟೋಕ್ಕೆ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅಸ್ಸುಂತಾ ಫೋಟೋದಲ್ಲಿ ಇಲ್ಲ. ಕ್ವಿರೀನೊ ಆ ಸಿಂಹದ ಬನಿಯನ್ನನ್ನು ಸೌದೆ ಒಡೆಯುವಾಗ ಹಾಕಿಕೊಂಡು ಹರಿದುಹಾಕಿದ.

*

ನಮ್ಮಲ್ಲಿ ಮಣ್ಣೆಂದರೆ ಸ್ಮಶಾನದ ಗೋಡೆಯಲ್ಲಿ ಕಟ್ಟಿದ ಗೂಡು, ಪೆಟ್ಟಿಗೆಯನ್ನು ಅದರೊಳಗೆ ತಳ್ಳಿದರು. ಗಾರೆಯವನು ಇಟ್ಟಿಗೆ ಇಡುತ್ತಾ ಹೋದ. ಕೊನೆಯ ಇಟ್ಟಿಗೆಗೆ ಮುಂಚೆ ಕೈ ತಡೆದು, ಮನೆಯವರು ಏನಾದರೂ ಹೇಳುತ್ತೀರಾ ಎಂಬಂತೆ ಸುತ್ತ ನೋಡಿದ. ಅಸ್ಸುಂತಾ ನೆಲ ನೋಡುತ್ತಿದ್ದಳು. ಲೊರೆದಾನಾ ದೂರದಲ್ಲಿದ್ದಳು. ಗಾರೆಯವನು ಭುಜ ಕುಣಿಸಿ ಮುಚ್ಚಿದ.

ಜನ ಚದುರಿದರು. ಲೊರೆದಾನಾ ಯಾರಿಗೂ ಹೇಳದೆ ಮನೆಯ ದಾರಿ ಹಿಡಿದಳು. ಅಸ್ಸುಂತಾ ಇಳಿಜಾರಿನ ಅರ್ಧದಲ್ಲಿ ದಣಿದು ಕಲ್ಲಿನ ಕಟ್ಟೆಯ ಮೇಲೆ ಕುಳಿತಳು. ಸಬಾತೀನೊ ಕೇಳದೆಯೇ ಪಕ್ಕದಲ್ಲಿ ಕುಳಿತ. ಇಬ್ಬರ ಏದುಸಿರೂ ಸ್ವಲ್ಪ ಹೊತ್ತು ಕೇಳುತ್ತಿತ್ತು.

"ಒಲೆ ನನಗೋಸ್ಕರ ಹಚ್ಚಿದ್ಲು," ಎಂದ ಅವನು.

"ಗೊತ್ತು. ನಿನ್ ಹಲ್ಲು ಕಟಕಟ ಅನ್ನೋದು ಅಲ್ಲಿಗೂ ಕೇಳಿಸ್ತಿತ್ತು."

"ಮತ್ತೆ?"

"ಮತ್ತೆ ಏನು? ನನ್ ಬಾಳು ಹಾಳಾಯ್ತು ಸಬಾತೀನೊ. ಗಿರಣಿಯೋರ ಮನೇಲಿ ಕೆಲಸಕ್ಕೇ ನಾಲ್ಕು ಆಳುಗಳಿದ್ರು."

"ಆ ಗಿರಣಿ ಮುಚ್ಚಿಹೋಗಿ ಎಷ್ಟು ಕಾಲ ಆಯ್ತು. ಅವನೂ ಸತ್ತ, ಕುಡಿದು."

"ಕುಡುಕನಾದ್ರೂ ನನ್ನವನಾಗಿರ್ತಿದ್ದ."

ಮಾತಿನ ಮಲ್ಲನಾದ ಸಬಾತೀನೊನಿಗೂ ಅವಳ ನೋವು ಸುಳ್ಳಲ್ಲವೆಂದು ಗೊತ್ತಿತ್ತು. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಒಂದು ಕೇಳ್ತೀನಿ, ಕೋಲೆತ್ತಬೇಡ. ನಾಳೆ ನೀನು ಹೋದ್ರೆ ಜಿನೆತ್ತಾ ಪಾತ್ರೆ ಹೊತ್ಕೊಂಡು ಎಲ್ಲಿಗೆ ಹೋಗ್ಬೇಕು?"

ಅಸ್ಸುಂತಾ ಕೋಲಿನ ತುದಿಯಿಂದ ಕಲ್ಲಿನ ಸಂದಿಯ ಮಣ್ಣು ಕೆದಕಿದಳು.

"ರೊಸಾರಿಯೊದಲ್ಲಿ ನಿಮ್ಮೋರು ಬೇಕಾದಷ್ಟು ಇದ್ದಾರೆ, ಸಿಂಹ ಹಾಕ್ಕೊಂಡು. ಅಲ್ಲೀತನಕ ಸಾರು ತಣ್ಣಗಾಗಿಬಿಡುತ್ತೆ."

"ಥೂ, ನಿನ್ ನಾಲಿಗೆ," ಎಂದಳು. ಕೋಲು ಎತ್ತಲಿಲ್ಲ. ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದಳು.

*

ಲೊರೆದಾನಾ ತಣ್ಣನೆಯ ಮನೆಯಲ್ಲಿ ಕೋಟು ಬಿಚ್ಚದೆ ಕುಳಿತಿದ್ದಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬೀದಿಯಲ್ಲಿ ಹೆಂಗಸರ ಹೆಜ್ಜೆ ಕೇಳಿಸಿತು, ಸಾರಿನ ವಾಸನೆಯೂ ಬಂತು. ಹೆಜ್ಜೆಗಳು ಬಾಗಿಲು ದಾಟಿ ಮೇಲಕ್ಕೆ, ಅಸ್ಸುಂತಾಳ ಮನೆಯ ಕಡೆಗೆ ಹೋದವು. ಅವಳಿಗೆ ಅಪ್ಪ ಸತ್ತ ಸುದ್ದಿ ತಿಳಿದಾಗಲೂ ಇಷ್ಟು ಸಂಕಟವಾಗಿರಲಿಲ್ಲ. ಇಡೀ ಊರು ಪಾತ್ರೆ ಹೊತ್ತು ತನ್ನ ಬಾಗಿಲ ಮುಂದೆಯೇ ದಾಟಿ ಹೋಯಿತು. ಅಪ್ಪನ ಕಂಬಳಿಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದಳು.

ಬಾಗಿಲು ತಳ್ಳಿಕೊಂಡು ಅಸ್ಸುಂತಾ ಬಂದಳು. ಅವಳ ಕೈಯಲ್ಲಿ ಕೋಲಿನ ಹೊರತು ಏನೂ ಇರಲಿಲ್ಲ. ನೇರ ಹೋಗಿ ಒಲೆಯ ಮೇಲೆ ಕೈ ಇಟ್ಟು ನೋಡಿದಳು.

"ಆರಿಸಿದ್ಯಾ?"

"ಆರಿಸಿದೆ, ಅತ್ತೆ."

ಬಾಯಿ ತಪ್ಪಿ ಬಂದದ್ದು. ಲೊರೆದಾನಾ ಹನ್ನೊಂದು ವರ್ಷದ ಹುಡುಗಿಯ ಹಾಗೆ ತಟ್ಟನೆ ಎದ್ದುನಿಂತಳು. ಅಸ್ಸುಂತಾ ಮೇಜಿನ ಒಂದು ಕಡೆಯ ಕುರ್ಚಿ ಎಳೆದು ಕುಳಿತಳು, ಕೋಲನ್ನು ಗೋಡೆಗೆ ಒರಗಿಸಿದಳು.

"ನಿಂತ್ಕೊಂಡ್ಯಾಕೆ? ಕೂತ್ಕೋ," ಎಂದಳು.

ಇಬ್ಬರೂ ಎದುರುಬದುರು ಕುಳಿತರು. ಆಮೇಲೆ ಬೀದಿಯಲ್ಲಿ ಹೆಜ್ಜೆಗಳು ಕೆಳಗಿಳಿದು ಬಂದವು, ಗೊಣಗಾಟದ ಜೊತೆಗೆ. ಬಾಗಿಲಲ್ಲಿ ಜಿನೆತ್ತಾ, ಮುಖ ಕೆಂಪಗಾಗಿತ್ತು, ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ. ಹಿಂದೆ ಇನ್ನಿಬ್ಬರು ಹೆಂಗಸರು.

"ಅಸ್ಸುಂತಮ್ಮಾ! ಮೇಲೆ ಹತ್ತಿ ಬಾಗಿಲು ಬಡಿದು ಬಡಿದು ಕೈ ನೋಯ್ತು. ನಿಮ್ಮನೆಗೆ ತರೋಕೆ ಹೇಳಿದ್ರಲ್ಲ ನೀವೇ?"

"ಸತ್ತಿರೋನು ಈ ಮನೆಯೋನು. ಊಟ ಇನ್ಯಾವ ಮನೆಗೆ ತರ್ತೀರಿ?" ಎಂದಳು ಅಸ್ಸುಂತಾ. "ನಿಮಗೂ ವಯಸ್ಸಾಯ್ತು, ಪದ್ಧತಿ ಮರೆತುಹೋಗಿದೆ."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಜಿನೆತ್ತಾ ಬಿಳಿಯ ಮೇಜುಬಟ್ಟೆ ಹಾಸಿ ಇಬ್ಬರ ಮುಂದೆಯೂ ತಟ್ಟೆ ಇಟ್ಟು ಸಾರು ಬಡಿಸಿದಳು. ಪುಟ್ಟ ಮಾಂಸದ ಉಂಡೆಗಳು, ಮೇಲೆ ಎಣ್ಣೆಯ ಹೊಳಪು, ಆವಿ.

ಇಂಥ ಊಟಕ್ಕೂ ಒಂದು ಮರ್ಯಾದೆಯಿದೆ. ದುಃಖದವರು ಕೂಡಲೇ ಉಣ್ಣಬಾರದು. ಬೇಡ, ಗಂಟಲಲ್ಲಿ ಇಳಿಯಲ್ಲ ಎಂದು ತಟ್ಟೆ ಸರಿಸಬೇಕು. ತಂದವರು ಸತ್ತವನ ಆಣೆ ಹಾಕಿ, ಅತ್ತು ಕರೆದು ಒತ್ತಾಯಿಸಬೇಕು. ಆಮೇಲೆ ಒಂದು ಚಮಚ. ಎದುರಿಗೆ ತಟ್ಟೆ ಬಂದೊಡನೆ ಕೈ ಹಾಕಿದವರ ದುಃಖವನ್ನು ಊರು ನಂಬುವುದಿಲ್ಲ. ಜಿನೆತ್ತಾ ಒತ್ತಾಯಿಸಲು ಬಾಯಿ ತೆರೆದು ಸಿದ್ಧಳಾಗಿ ನಿಂತಿದ್ದಳು.

ಲೊರೆದಾನಾಳಿಗೆ ಇದೂ ಗೊತ್ತಿರಲಿಲ್ಲ. ಅವಳು ಚಮಚ ತೆಗೆದುಕೊಂಡು ಉಂಡಳು. ಬಿಸಿಗೆ ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ, ಹಸಿದವರು ಉಣ್ಣುವ ಹಾಗೆ ಇನ್ನೊಂದು ಚಮಚ, ಮತ್ತೊಂದು. ಹೆಂಗಸರು ಉಸಿರು ಬಿಗಿಹಿಡಿದರು. ಆ ಮೌನ ತಟ್ಟಿ ಅವಳು ಕೈ ತಡೆದು ತಲೆಯೆತ್ತಿದಳು. ಏನು ತಪ್ಪಾಯಿತೆಂದು ತಿಳಿಯಲಿಲ್ಲ, ಏನೋ ತಪ್ಪಾಯಿತೆಂದು ಮಾತ್ರ ತಿಳಿಯಿತು. ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು.

ಎಲ್ಲರೂ ಅಸ್ಸುಂತಾಳನ್ನು ನೋಡಿದರು.

ಅಸ್ಸುಂತಾ ತಲೆವಸ್ತ್ರದ ಗಂಟು ಬಿಚ್ಚಿ ಕುತ್ತಿಗೆಯಿಂದ ಸರಿಸಿದಳು. ರೊಟ್ಟಿ ಮುರಿದು ದೊಡ್ಡ ತುಂಡನ್ನು ಲೊರೆದಾನಾಳ ತಟ್ಟೆಯ ಪಕ್ಕಕ್ಕೆ ದೂಡಿದಳು. ಉಳಿದದ್ದನ್ನು ತನ್ನ ಸಾರಿನಲ್ಲಿ ಅದ್ದಿ, ಯಾರೂ ಒಂದು ಮಾತು ಹೇಳುವ ಮೊದಲೇ ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು.